ನಡಿಗೆಯ ಜೊತೆಗೆ ಫೋಟೋಗ್ರಫಿ: ಮನಸ್ಸಿಗೆ ಬಿಡುವು ಸಿಗಬೇಕಾದರೆ ಹೇಗೆ ತೊಡಗಬೇಕು?

ಪ್ರಶ್ನೆ: ತೋಟದ ದಾರಿ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವನು; ಸಹಕಾರಿ ಬ್ಯಾಂಕೊಂದರಲ್ಲಿ ಉದ್ಯೋಗ. ದಿನವಿಡೀ ಕಂಪ್ಯೂಟರಿನ ಎದುರು ಲೆಕ್ಕಪತ್ರ ನೋಡಿ ದಣಿಯುವ ಕಣ್ಣಿಗೂ ಮನಸ್ಸಿಗೂ ಬಿಡುವಾಗಲಿ ಎಂದು ಬೆಳಗಿನ ಹೊತ್ತು ನಡೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಮನೆಯ ಹಿಂದಿನ ಅಡಿಕೆ ತೋಟ ದಾಟಿ, ತೋಡಿನ ಬದಿಯ ಕಾಲುದಾರಿ ಹಿಡಿದು, ಮುರಕಲ್ಲಿನ ಪಾರೆಯವರೆಗೆ (ಕೆಂಪು ಕಲ್ಲುಹಾಸಿನ ಬಯಲು) ಹತ್ತಿ ಹಿಂದಿರುಗುವುದು ನನ್ನ ನಿತ್ಯದ ದಾರಿ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಆರಂಭಿಸಿದ ಮೇಲೆ ಈ ನಡಿಗೆಯಲ್ಲಿ ಹೊಸ ಆಸಕ್ತಿ ಹುಟ್ಟಿದೆ. ಇಷ್ಟು ವರ್ಷ ಗಮನಕ್ಕೇ ಬಾರದಿದ್ದ ಎಷ್ಟೋ ಸಂಗತಿಗಳು ಈಗ ಕಣ್ಣಿಗೆ ಬೀಳುತ್ತಿವೆ.

ಎರಡು ವಿಷಯಗಳಲ್ಲಿ ಅನುಭವಸ್ಥರ ಸಲಹೆ ಬೇಕಾಗಿದೆ. ತೋಟದೊಳಗೆ ತೆಗೆದ ಚಿತ್ರಗಳಲ್ಲಿ ಸೋಗೆಗಳ ನಡುವಿನ ಆಕಾಶ ಬಿಳಿ ತೇಪೆ ಹಾಕಿದಂತೆ ಕಾಣುತ್ತದೆ, ಮರಗಳೆಲ್ಲ ಕಪ್ಪಾಗಿಬಿಡುತ್ತವೆ. ಕಣ್ಣಿಗೆ ಕಂಡ ತಂಪು ಹಸಿರು ಚಿತ್ರದಲ್ಲಿ ಬರುವುದೇ ಇಲ್ಲ. ಇದು ಮೊಬೈಲಿನ ಮಿತಿಯೇ? ಮನೆಯವರು ಹೇಳುವಂತೆ ಒಂದು ಕ್ಯಾಮೆರಾ ಕೊಂಡರೆ ಸರಿಹೋದೀತೇ?

ಎರಡನೆಯದು ನನಗೆ ಇದಕ್ಕಿಂತಲೂ ಮುಖ್ಯವಾದುದು. ಒಳ್ಳೆಯ ಚಿತ್ರ ಸಿಗಬೇಕೆಂಬ ಆತುರ ಬಂದಾಗ ನಡಿಗೆಯ ಸಮಾಧಾನ ಕದಡುತ್ತದೆ. ಪ್ರತಿ ಹೆಜ್ಜೆಗೂ ಮೊಬೈಲ್ ಎತ್ತುವುದು, ತೆಗೆದದ್ದನ್ನು ಅಲ್ಲಿಯೇ ನಿಂತು ಪರೀಕ್ಷಿಸುವುದು, ಮನೆಗೆ ಬಂದು ರಾಶಿ ಚಿತ್ರಗಳನ್ನು ಆರಿಸುತ್ತ ಕೂರುವುದು, ಇವೆಲ್ಲ ಮತ್ತೊಂದು ಕೆಲಸದಂತೆ ಆಗುತ್ತವೆ. ಚಿತ್ರ ತೆಗೆಯುವುದನ್ನೂ ಬಿಡದೆ, ನಡಿಗೆಯ ನೆಮ್ಮದಿಯನ್ನೂ ಕಳೆದುಕೊಳ್ಳದೆ ಹೇಗೆ ಸಾಗಬಹುದು? ಮಳೆಗಾಲ ಹತ್ತಿರವಾಗುತ್ತಿರುವುದರಿಂದ ಆ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮುಳಿಹುಲ್ಲು (ಬಾಯಾರು)

ಸದ್ಯಕ್ಕೆ ಕ್ಯಾಮೆರಾ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಹೇಳಿದ ತೊಂದರೆ ಮೊಬೈಲಿನದ್ದಲ್ಲ, ಬೆಳಕಿನದ್ದು. ನಮ್ಮ ಕಣ್ಣು ಸೋಗೆಯ ಮೇಲಿನ ಆಕಾಶವನ್ನು ನೋಡುವಾಗ ಕಿರಿದಾಗಿ, ಬುಡದ ನೆರಳನ್ನು ನೋಡುವಾಗ ಹಿಗ್ಗಿ, ಎರಡನ್ನೂ ಮಿದುಳಿನಲ್ಲಿ ಸೇರಿಸಿಕೊಳ್ಳುತ್ತದೆ. ಕ್ಯಾಮೆರಾದ ಸೆನ್ಸರಿಗೆ ಒಂದೇ ಕ್ಷಣದಲ್ಲಿ ಅಷ್ಟು ವ್ಯತ್ಯಾಸವನ್ನು ಹಿಡಿದಿಡುವ ಶಕ್ತಿ ಇಲ್ಲ. ದುಬಾರಿ ಕ್ಯಾಮೆರಾಗಳಲ್ಲಿ ಈ ಶಕ್ತಿ ಸ್ವಲ್ಪ ಹೆಚ್ಚಿರುತ್ತದೆ ಎಂಬುದು ನಿಜವಾದರೂ, ಹತ್ತು ಗಂಟೆಯ ಬಿಸಿಲಿನಲ್ಲಿ ಅಡಿಕೆ ತೋಟದೊಳಗೆ ಅವೂ ಸೋಲುತ್ತವೆ.

ಕಾಸರಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಇಷ್ಟು ದಕ್ಷಿಣದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ, ಬೇಗನೆ ಮೇಲಕ್ಕೇರುತ್ತಾನೆ. ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಉತ್ತರಾರ್ಧದಲ್ಲಂತೂ ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಇರುತ್ತಾನೆ. ಆದ್ದರಿಂದ ಪುಸ್ತಕಗಳಲ್ಲಿ ವರ್ಣಿಸುವ ಮೃದುವಾದ ಹೊಂಬೆಳಕು ನಮ್ಮಲ್ಲಿ ಸೂರ್ಯೋದಯದ ನಂತರ ಒಂದು ಗಂಟೆ ಉಳಿದರೆ ದೊಡ್ಡದು. ಆ ಹೊತ್ತಿನಲ್ಲಿ ತೋಟಕ್ಕೆ ಇಳಿದರೆ ಬೆಳಕು ಮೇಲಿನಿಂದ ಸುರಿಯದೆ ಮರಗಳ ಸಾಲಿನ ನಡುವೆ ಅಡ್ಡಲಾಗಿ ಒಳನುಗ್ಗುತ್ತದೆ. ಕಾಂಡದ ಮೇಲಿನ ಉಂಗುರಗಳು, ಅದರ ಒಂದು ಮಗ್ಗುಲಿಗೆ ಅಂಟಿದ ಪಾಚಿ, ಕರಿಮೆಣಸಿನ ಬಳ್ಳಿಯ ಎಲೆಯಂಚು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಚೌಕಟ್ಟಿನೊಳಗೆ ಆಕಾಶ ಬಾರದಂತೆ ಮೊಬೈಲನ್ನು ತುಸು ಕೆಳಕ್ಕೆ ಬಾಗಿಸಿ. ಪರದೆಯ ಮೇಲೆ ಅತಿ ಹೆಚ್ಚು ಬೆಳಗುವ ಭಾಗವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಚಿತ್ರ ಸ್ವಲ್ಪ ಕಪ್ಪಾದೀತು; ಆಗಲಿ. ಕಪ್ಪಾದ ಭಾಗವನ್ನು ಆಮೇಲೆ ಎತ್ತಬಹುದು, ಬಿಳಿಯಾಗಿ ಕರಗಿಹೋದ ಭಾಗದಲ್ಲಿ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ. ಮೊಬೈಲಿನ ಎಚ್‌ಡಿಆರ್ ವ್ಯವಸ್ಥೆಯು ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ಬೆಸೆದು ಒಂದನ್ನಾಗಿ ಮಾಡುತ್ತದೆ. ಗಾಳಿಗೆ ಸೋಗೆ ಅಲುಗುತ್ತಿದ್ದರೆ ಅಂಚುಗಳು ಎರಡೆರಡಾಗಿ ಮೂಡುತ್ತವೆ ಎಂಬುದನ್ನು ನೆನಪಿಡಬೇಕು.

ಬೈಲಿನಲ್ಲಿ ಬೆಳ್ಳಕ್ಕಿ ಕಂಡಾಗ ಇದೇ ಸೂರ್ಯನ ಗುರುತು ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ತನ್ನ ಎದುರಿನ ದೃಶ್ಯವೆಲ್ಲ ನಡುಬಣ್ಣದ ಬೂದಿಯಷ್ಟೇ ಬೆಳಕಿನದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ, ಉದಾಹರಣೆಗೆ ಪೊಸಡಿಗುಂಪೆ ಗುಡ್ಡದ ನೆತ್ತಿಯಲ್ಲಿ ಬೆಳಗಿನ ಮಂಜು ಕವಿದಾಗ, ಬಿಳಿಯೆಲ್ಲ ಮಂಕಾಗಿ ಬೂದಿಯಾಗುತ್ತದೆ. ಆಗ ಬೆಳಕನ್ನು ಹೆಚ್ಚಿಸಬೇಕು. ಚೌಕಟ್ಟು ತುಂಬುವಷ್ಟು ಹತ್ತಿರವಿರುವ ಬೆಳ್ಳಕ್ಕಿಯನ್ನೂ ಕ್ಯಾಮೆರಾ ಹೀಗೆಯೇ ಬೂದಿ ಮಾಡುತ್ತದೆ. ಹಕ್ಕಿ ಚಿಕ್ಕದಾಗಿದ್ದು ಸುತ್ತಲೂ ಕಡುಹಸಿರು ಗದ್ದೆಯಿದ್ದರೆ ಮಾತ್ರ ಇದಕ್ಕೆ ವಿರುದ್ಧವಾಗಿ ಹಕ್ಕಿಯೇ ಕರಗಿಹೋಗುವುದರಿಂದ ಬೆಳಕನ್ನು ಇಳಿಸಬೇಕಾಗುತ್ತದೆ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ನನ್ನ ಮಟ್ಟಿಗೆ ನಮ್ಮ ನಾಡಿನ ಅತ್ಯುತ್ತಮ ಬೆಳಕು ಮಳೆ ನಿಂತ ಅರ್ಧ ಗಂಟೆಯಲ್ಲಿದೆ. ಮೋಡ ಇಡೀ ಆಕಾಶವನ್ನೇ ಒಂದು ದೊಡ್ಡ ದೀಪವನ್ನಾಗಿ ಮಾಡುವುದರಿಂದ ತೋಟದೊಳಗೂ ಕಡುನೆರಳು ಇರುವುದಿಲ್ಲ. ಬೇಸಿಗೆಯಲ್ಲಿ ಸುಟ್ಟು ಕಂದಿಹೋದ ಮುರಕಲ್ಲು ಒದ್ದೆಯಾದೊಡನೆ ನಿಜವಾದ ಕೆಂಪಿಗೆ ತಿರುಗುತ್ತದೆ. ಮಳೆ ಇಳಿಮುಖವಾಗುವ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪಾರೆಯ ತೆಳುವಾದ ಮಣ್ಣಿನಲ್ಲಿ ಬಟನ್ನಿನಷ್ಟು ಸಣ್ಣ ಬಿಳಿ ಹೂಗಳೂ, ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾವೂ, ಎಲೆಯ ತುಂಬ ಅಂಟುಹನಿ ಹೊತ್ತ ಡ್ರೊಸೆರಾವೂ ಕಾಣಿಸಿಕೊಳ್ಳುತ್ತವೆ. ಕೊನೆಯ ಎರಡೂ ಕೀಟಾಹಾರಿ ಸಸ್ಯಗಳು. ಪಾರೆಯ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆಯಿರುವುದರಿಂದ ಅವು ಹುಳಗಳನ್ನು ಹಿಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. ಜನರು ಇಂತಹ ಪಾರೆಗಳನ್ನು ಬಂಜರು ಎಂದು ಕರೆದು ಕಲ್ಲು ಕೊರೆಯಲು ಬಿಟ್ಟುಕೊಡುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಉತ್ತರ: ಕಡಲಕರೆ (ಮಂಜೇಶ್ವರ)

ಮುಳಿಹುಲ್ಲು ಅಣ್ಣನವರು ಬೆಳಕಿನ ವಿಷಯವನ್ನು ವಿವರವಾಗಿ ಹೇಳಿದ್ದಾರೆ. ನಾನು ಉಪಕರಣದ ರಕ್ಷಣೆಯ ಕುರಿತು ಮಾತ್ರ ಸೇರಿಸುತ್ತೇನೆ, ಏಕೆಂದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಲೆನ್ಸಿನ ದೊಡ್ಡ ಶತ್ರು ನೀರಿನ ಹನಿಯಲ್ಲ, ಗಾಳಿಯ ತೇವ. ಮುಂದೆ ಎಂದಾದರೂ ಕ್ಯಾಮೆರಾ ಕೊಂಡರೆ ಅದನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನೊಳಗೆ ಇಡಬೇಡಿ. ಒಂದೇ ಮಳೆಗಾಲದಲ್ಲಿ ಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಬಹುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಟ್ಟು, ಒಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಸಾಕು. ನೀಲಿ ಬಣ್ಣದ ಜೆಲ್ ತೇವ ಹೀರಿದಾಗ ಗುಲಾಬಿಗೆ ತಿರುಗುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮರಳಿ ನೀಲಿಯಾಗುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಅದನ್ನು ಬಿಸಿ ಮಾಡಬಾರದು.

ಮೊಬೈಲಿಗೆ ಇಷ್ಟೆಲ್ಲ ಬೇಡ. ಸಮುದ್ರದ ಕಡೆಗೆ ಬಂದಾಗ ಮಾತ್ರ ಲೆನ್ಸಿನ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಅದನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳಬಹುದು. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಿಂದ ಮೊದಲು ಒರೆಸಿ, ಅನಂತರ ಒಣಗಿಸಿ. ಎಲ್ಲರೂ ಸೂರ್ಯಾಸ್ತದ ಚಿತ್ರ ತೆಗೆದು ಮನೆಗೆ ಹೊರಡುತ್ತಾರೆ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಅಲ್ಲಿಯೇ ಉಳಿದವರಿಗೆ ಒದ್ದೆ ಮರಳಿನ ಮೇಲೆ ಆಕಾಶದ ಬಣ್ಣಗಳು ಒಂದೊಂದಾಗಿ ಬದಲಾಗುವುದು ಕಾಣುತ್ತದೆ, ದಡಕ್ಕೆ ಎಳೆದಿಟ್ಟ ದೋಣಿಗಳು ಆ ಹೊತ್ತಿನಲ್ಲಿಯೇ ಚೆನ್ನಾಗಿ ಮೂಡುತ್ತವೆ.

ಉತ್ತರ: ಟೀಚರಮ್ಮ (ಕುಂಬಳೆ)

ನಿಮ್ಮ ಎರಡನೆಯ ಪ್ರಶ್ನೆಯೇ ಈ ಹವ್ಯಾಸದ ತಿರುಳು ಎಂದು ನನಗೆ ತೋರುತ್ತದೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮ್ಯೂಸಿಯಮ್ಮಿನಲ್ಲಿ ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ನೆನಪಿನಲ್ಲಿ ಕಡಿಮೆ ಉಳಿದಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರದಿಂದ ಚೌಕಟ್ಟಿಗೆ ತಂದುಕೊಂಡು ತೆಗೆದಾಗ ಆ ನಷ್ಟ ಕಾಣಿಸಲಿಲ್ಲ. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಮೊಬೈಲ್ ಎತ್ತುವುದು ನೋಟಕ್ಕೆ ಬದಲಿಯಾದರೆ ನಾವು ಕಳೆದುಕೊಳ್ಳುತ್ತೇವೆ, ನೋಟವೇ ಮುಂದುವರಿದು ಮೊಬೈಲಿನವರೆಗೆ ಬಂದರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಇಂಗ್ಲೆಂಡಿನ ಲಂಕಾಸ್ಟರ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯಗಳ ಇಬ್ಬರು ಸಂಶೋಧಕರು ದಿನಕ್ಕೊಂದು ಚಿತ್ರ ತೆಗೆದು ಹಂಚಿಕೊಳ್ಳುವವರನ್ನು ಮಾತನಾಡಿಸಿ 2018ರಲ್ಲಿ ಬರೆದ ಲೇಖನದಲ್ಲಿಯೂ, ಈ ಅಭ್ಯಾಸ ತಮ್ಮ ಕ್ಷೇಮಕ್ಕೆ ನೆರವಾಯಿತು ಎಂದು ಅವರು ಹೇಳಿರುವುದು ದಾಖಲಾಗಿದೆ. ಗಮನಿಸಿ, ಅಲ್ಲಿರುವುದು ದಿನಕ್ಕೆ ಒಂದೇ ಚಿತ್ರ.

ಆದ್ದರಿಂದ ನಡಿಗೆಯ ಮೊದಲರ್ಧದಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯಬೇಡಿ. ಹೋಗುವಾಗ ನೋಡಿ ಇಟ್ಟುಕೊಂಡದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಮಾತ್ರ ಹಿಂದಿರುಗುವಾಗ ತೆಗೆಯಿರಿ. ತೆಗೆದದ್ದನ್ನು ದಾರಿಯಲ್ಲಿ ತೆರೆದು ನೋಡುವುದೂ ಬೇಡ. ಇನ್ನೊಂದು ದಾರಿಯೆಂದರೆ ಒಂದೇ ವಸ್ತುವನ್ನು ವರ್ಷವಿಡೀ ಹಿಂಬಾಲಿಸುವುದು. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಜೀವಿಯನ್ನು ಘೋಷಿಸಿಕೊಂಡಿತು. ಅದರಲ್ಲಿ ಮರವಾಗಿ ಆಯ್ಕೆಯಾದದ್ದು ನಮ್ಮ ಗುಡ್ಡೆಗಳಲ್ಲಿ ಬೆಳೆಯುವ ಕಾಸರಕ. ಅದು ಎಲೆ ಉದುರಿಸುವುದು, ಹೊಳೆಯುವ ಚಿಗುರು ಬಿಡುವುದು, ಹಸಿರುಮಿಶ್ರಿತ ಬಿಳಿ ಹೂ ತಳೆಯುವುದು, ಕಿತ್ತಳೆ ಬಣ್ಣದ ಗುಂಡು ಹಣ್ಣು ಹೊರುವುದು, ಇವಿಷ್ಟನ್ನು ಒಂದೇ ಜಾಗದಲ್ಲಿ ನಿಂತು ತೆಗೆದರೆ ಸಾಕು, ರಾಶಿ ಚಿತ್ರಗಳ ಕಾಟ ತಾನಾಗಿ ತಪ್ಪುತ್ತದೆ. ಬೀಜ ಕಡುವಿಷವಾದುದರಿಂದ ಮಕ್ಕಳು ಜೊತೆಗಿದ್ದರೆ ಎಚ್ಚರವಿರಲಿ.

ತೋಟದ ದಾರಿ (ಬದಿಯಡ್ಕ)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಟೀಚರೇ, ಹಿಂದಿರುಗುವಾಗ ಮಾತ್ರ ಚಿತ್ರ ತೆಗೆಯುವ ಸಲಹೆಯನ್ನು ನಾಳೆಯಿಂದಲೇ ಪಾಲಿಸುತ್ತೇನೆ. ನಮ್ಮ ಪಾರೆಯ ಅಂಚಿನಲ್ಲಿ ಕಾಸರಕದ ಮರವೊಂದು ಇದೆ. ಇನ್ನೆರಡು ಸಣ್ಣ ಸಂದೇಹಗಳಿವೆ. ಪಾರೆಯ ಆ ಪುಟ್ಟ ಹೂಗಳನ್ನು ಮೊಬೈಲಿನಲ್ಲಿ ಸ್ಪಷ್ಟವಾಗಿ ತೆಗೆಯುವುದು ಹೇಗೆ? ದಾರಿಯಲ್ಲಿ ಕೆಲಸ ಮಾಡುತ್ತಿರುವ ಜನರ ಚಿತ್ರ ತೆಗೆಯುವಾಗ ಹೇಗೆ ನಡೆದುಕೊಳ್ಳಬೇಕು?

ಉತ್ತರ: ಮುಳಿಹುಲ್ಲು (ಬಾಯಾರು)

ಹೂವಿಗೆ ಮೊಬೈಲನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ಸಿಗುವುದಿಲ್ಲ. ಮ್ಯಾಕ್ರೋ ವ್ಯವಸ್ಥೆ ಇಲ್ಲದಿದ್ದರೆ ಒಂದು ಗೇಣು ಹಿಂದೆ ಸರಿದು ತೆಗೆದು, ಆಮೇಲೆ ಬೇಕಾದಷ್ಟನ್ನು ಕತ್ತರಿಸಿಕೊಳ್ಳುವುದು ಲೇಸು. ಮೊಣಕಾಲೂರುವ ಮೊದಲು ಕೆಳಗೆ ಏನಿದೆ ಎಂದು ನೋಡಿ. ಒಂದು ಹೂವಿನ ಚಿತ್ರಕ್ಕಾಗಿ ಹತ್ತು ಗಿಡಗಳನ್ನು ತುಳಿಯುವವರನ್ನು ಕಂಡಿದ್ದೇನೆ. ಬರಿಯ ಕಲ್ಲಿನ ಮೇಲೆ ಕಾಲಿಟ್ಟು, ಎರಡೂ ಮೊಣಕೈಗಳನ್ನು ಕಲ್ಲಿಗೆ ಆನಿಸಿ, ಮೊಬೈಲನ್ನು ಹೂವಿನ ಎತ್ತರಕ್ಕೇ ಇಳಿಸಿ. ಗಾಳಿ ಬೀಸುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ನನಗೆ ಅತ್ಯಂತ ಹಿತವೆನಿಸುವುದು ಆ ಕಾಯುವಿಕೆಯೇ.

ಉತ್ತರ: ಕಡಲಕರೆ (ಮಂಜೇಶ್ವರ)

ಜನರ ವಿಷಯದಲ್ಲಿ ನನ್ನ ಕ್ರಮ ಸರಳ: ಮೊದಲು ಮಾತು, ಆಮೇಲೆ ಚಿತ್ರ. ಅಂಗಳದಲ್ಲಿ ಅಡಿಕೆ ಹರಡುವ ಅಕ್ಕನವರೊಡನೆ ಎರಡು ನಿಮಿಷ ಕುಶಲ ವಿಚಾರಿಸಿ ಕೇಳಿದರೆ ಬಹುಮಟ್ಟಿಗೆ ಒಪ್ಪುತ್ತಾರೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ತೆಗೆದ ಚಿತ್ರವನ್ನು ಅವರಿಗೆ ಕಳುಹಿಸಿಕೊಡಿ, ಸಾಧ್ಯವಾದರೆ ಪ್ರಿಂಟ್ ಹಾಕಿಸಿ ಕೊಡಿ. ತೆಯ್ಯಂ, ಭೂತಕೋಲಗಳಲ್ಲಿ ಮನೆಯ ಯಜಮಾನರನ್ನು ಕೇಳದೆ ಮೊಬೈಲ್ ತೆಗೆಯಬಾರದು; ಬಣ್ಣ ಹಚ್ಚಿಕೊಳ್ಳುವ ಜಾಗಕ್ಕಂತೂ ಹೋಗಲೇಬಾರದು. ಬೇಕಲ ಕೋಟೆ ಪುರಾತತ್ವ ಇಲಾಖೆಯ ಅಧೀನದಲ್ಲಿರುವುದರಿಂದ ಅಲ್ಲಿ ಟ್ರೈಪಾಡ್ ಹೂಡಲು ಮುಂಚಿತವಾಗಿ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಅಡ್ಡಿಯಿಲ್ಲ. ಚಂದ್ರಗಿರಿ ಹೊಳೆಯ ಸೊಬಗನ್ನು ಹಿಡಿಯಬೇಕೆಂದು ರೈಲು ಸೇತುವೆಗೋ ಹಳಿಗೋ ಹತ್ತುವವರನ್ನು ಕಾಣುತ್ತೇವೆ. ಅದು ಅಪಾಯ ಮಾತ್ರವಲ್ಲ, 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಹೊಳೆ, ಕಡಲು ಎರಡೂ ಬೇಕಿದ್ದರೆ ಅದೇ ಹೊಳೆಯ ದಂಡೆಯ ಚಂದ್ರಗಿರಿ ಕೋಟೆಗೆ ಸಂಜೆ ಹೋಗಿ. ಕೋಟೆಗೋಡೆಯ ಬಳಿಯಿಂದ ಹೊಳೆಯೂ, ತೆಂಗಿನ ಸಾಲೂ, ಅದರಾಚೆ ಸಮುದ್ರವೂ ಒಂದೇ ಚೌಕಟ್ಟಿಗೆ ಬರುತ್ತವೆ.