ಸಹಾಯ ಬೇಕು: ಕರಿಯನಿಗೆ ನಾಯಿ ಸಾಕಿ ಅನುಭವ ಇರುವವರ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿ ಶೆಲ್ಟರ್‌ನಲ್ಲಿ ಕರಿಯ ಅಂತ ಒಬ್ಬ ಇದ್ದಾನೆ. ಸುಮಾರು 4 ವರ್ಷ. ಸಂತಾನಹರಣ ಆಪರೇಷನ್ ಆಗಿದೆ, ಲಸಿಕೆಗಳನ್ನೂ ಹಾಕಿಸಿದ್ದೇವೆ. ಎರಡು ಮನೆಗೆ ಹೋಗಿ ಎರಡೂ ಸಲ ವಾಪಸ್ ಬಂದಿದ್ದಾನೆ.

ಏನನ್ನೂ ಮುಚ್ಚಿಡುವುದಿಲ್ಲ. ಊಟದ ತಟ್ಟೆ ಹತ್ತಿರ ಯಾರಾದರೂ ಬಂದರೆ ಮೈ ಬಿಗಿಯಾಗುತ್ತದೆ. ತಲೆ ಎತ್ತುವುದಿಲ್ಲ, ಕಣ್ಣಂಚಿನಲ್ಲೇ ನೋಡುತ್ತಾನೆ, ಕಣ್ಣಿನ ಬಿಳಿ ಕಾಣುತ್ತದೆ. ಆಮೇಲೆ ಗುರ್ ಅನ್ನುತ್ತಾನೆ. ಹಿಂದಿನ ಮನೆಯಲ್ಲಿ ಗುರ್ ಅಂದಾಗಲೆಲ್ಲ ಹೊಡೆದರಂತೆ. ತಪ್ಪಾಗಿದ್ದೇ ಅಲ್ಲಿ. ಗುರ್ ಅನ್ನುವುದು ಎಚ್ಚರಿಕೆ ಅಲ್ವಾ? ಹೊಡೆದು ಅದನ್ನು ನಿಲ್ಲಿಸಿದರೆ ನಾಯಿ ಮುಂದಿನ ಸಲ ಹೇಳದೆಯೇ ಕಚ್ಚಬಹುದು. ಕರಿಯ ಕೂಡ ಒಂದು ಸಲ ಕೈ ಕಚ್ಚಿದ್ದಾನೆ.

ಈಗ ನಾವು ದೂರದಿಂದಲೇ ಅವನ ತಟ್ಟೆಗೆ ಇನ್ನೂ ರುಚಿಯಾದ ತುಣುಕು ಎಸೆದು ಮುಂದೆ ಹೋಗಿಬಿಡುತ್ತೇವೆ. ಮನುಷ್ಯರು ಬಂದರೆ ಊಟ ಹೋಗಲ್ಲ, ಜಾಸ್ತಿ ಸಿಗುತ್ತದೆ ಅಂತ ನಿಧಾನವಾಗಿ ಗೊತ್ತಾಗುತ್ತಿದೆ. ಹೋದ ವಾರ ತಿನ್ನುತ್ತಿರುವಾಗಲೇ ನನ್ನ ಹೆಜ್ಜೆ ಸದ್ದಿಗೆ ಬಾಲ ಅಲ್ಲಾಡಿಸಿದ. ನನಗೆ ಕಣ್ಣು ತುಂಬಿ ಬಂತು. ಕಚ್ಚದಂತೆ ಹಾಕುವ ಬಾಯಿಕುಕ್ಕೆ ಹಿಡಿದರೆ ತಾನೇ ಮೂತಿ ತೂರಿಸುತ್ತಾನೆ.

ಚಿಕ್ಕ ಮಕ್ಕಳು, ಬೇರೆ ನಾಯಿ ಇಲ್ಲದ ಮನೆ ಬೇಕು. ಇಂಥ ನಾಯಿಯನ್ನು ಮೊದಲೇ ಸಾಕಿದವರಾಗಿರಬೇಕು. ಒಗ್ಗಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಪಾಪ ಅಂತ ಸುಮ್ನೆ ಕರೆದುಕೊಂಡು ಹೋಗಬೇಡಿ, ಮೂರನೇ ಸಲ ಅವನು ವಾಪಸ್ ಬರಬಾರದು. ಮೊದಲು ನಾಲ್ಕಾರು ಸಲ ಬನ್ನಿ, ಅವನ ಜೊತೆ ವಾಕಿಂಗ್ ಹೋಗಿ, ಆಮೇಲೆ ನಿರ್ಧಾರ ಮಾಡಿ. ಮನೆಗೆ ಹೋದಮೇಲೂ ನಾವು ಜೊತೆಗಿರುತ್ತೇವೆ.

ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ.