ಓದುಗರ ಸ್ಪಂದನ: ಕುಡಿದು ಗೇಟಿನ ಪಾಳಿಗೆ ಹೋಗುವ ಗಂಡ

ಕಾಸರಗೋಡಿನ ಉತ್ತರ ಭಾಗದ ಸಹೋದರಿಯೊಬ್ಬರು ಕಳೆದ ವಾರ ಹೀಗೆ ಬರೆದಿದ್ದರು: “ನನ್ನವರು ರೈಲ್ವೆ ಗೇಟ್ ಕೀಪರ್. ಸಂಜೆ ಕುಡಿಯುತ್ತಾರೆ, ರಾತ್ರಿ ಪಾಳಿಗೆ ಹೋಗುತ್ತಾರೆ. ನಿಂಬೆ ಶರಬತ್ತು ಕೊಟ್ಟು, ತಣ್ಣೀರು ಸ್ನಾನ ಮಾಡಿಸಿ ಕಳಿಸುತ್ತೇನೆ. ತೀರಾ ಹೆಚ್ಚಾದ ದಿನ ಜೊತೆಗಾರರೊಬ್ಬರು ಅವರ ಬದಲಿಗೆ ಕೂರುತ್ತಾರೆ. ಎಂಟನೇ ತರಗತಿಯ ಮಗ ಅಪ್ಪನ ಬಾಯಿ ವಾಸನೆ ನೋಡಿ ಬಂದು ನನಗೆ ಹೇಳುತ್ತಾನೆ. ಮೇಲಧಿಕಾರಿಗೆ ತಿಳಿಸಿದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಏನಾಗುವುದೋ ಎಂಬ ಭಯ. ಏನು ಮಾಡಲಿ?”

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಸ್ಟೇಷನ್ ಮಾಸ್ಟರ್, ಮಂಜೇಶ್ವರ

ಅಮ್ಮಾ, ನಿಮ್ಮ ಪತ್ರ ಓದಿ ಕಳವಳವಾಯಿತು. ಸಿಗ್ನಲ್ಲಿಗೆ ಜೋಡಿಸಿದ ಗೇಟಾದರೆ ಅದು ಮುಚ್ಚದ ಹೊರತು ರೈಲಿಗೆ ಸಿಗ್ನಲ್ ಬೀಳುವುದಿಲ್ಲ. ಜೋಡಣೆ ಇಲ್ಲದ ಗೇಟಿನಲ್ಲಿ ಆ ಆಸರೆ ಇಲ್ಲ. ಸ್ಟೇಷನ್ನಿನಿಂದ ಫೋನ್ ಹೋಗುತ್ತದೆ. ಗೇಟು ಮುಚ್ಚಿದ್ದೇನೆ ಎಂದು ಗೇಟ್ ಕೀಪರ್ ಪ್ರೈವೇಟ್ ನಂಬರ್, ಅಂದರೆ ಮಾತನ್ನು ಖಚಿತಪಡಿಸುವ ಗುಪ್ತ ಸಂಖ್ಯೆ, ಹೇಳುತ್ತಾರೆ. ಆ ಮಾತನ್ನು ನಂಬಿ ನಾವು ರೈಲು ಬಿಡುತ್ತೇವೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಗುಪ್ಪಂನಲ್ಲಿ ಇಂಥ ಗೇಟಿನಲ್ಲಿಯೇ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡರು. ಅದು ಕುಡಿತದ ಪ್ರಕರಣವೆಂದು ನಾನು ಹೇಳುತ್ತಿಲ್ಲ. ಗೇಟಿನಲ್ಲಿ ಕೂತವರ ಎಚ್ಚರದ ಮೇಲೆ ಎಷ್ಟು ಜೀವಗಳು ನಿಂತಿವೆ ಎಂಬುದಕ್ಕೆ ಹೇಳಿದೆ.

ರೈಲ್ವೆಯ ಸಾಮಾನ್ಯ ನಿಯಮ 2.09 ನಿಮ್ಮವರಿಗೆ ಗೊತ್ತೇ ಇರುತ್ತದೆ. ರೈಲು ಸಂಚಾರಕ್ಕೆ ನೇರವಾಗಿ ಸಂಬಂಧಪಟ್ಟ ನೌಕರರು ಪಾಳಿಗೆ ಮುಂಚಿನ 8 ಗಂಟೆಯೊಳಗೆ ಮದ್ಯವನ್ನಾಗಲಿ, ನಿದ್ರೆ ಬರಿಸುವ ಔಷಧವನ್ನಾಗಲಿ, ಬೇರೆ ಅಮಲು ಪದಾರ್ಥವನ್ನಾಗಲಿ ಮುಟ್ಟುವಂತಿಲ್ಲ. ರೈಲ್ವೆ ಕಾಯ್ದೆ, 1989ರ 172ನೇ ಸೆಕ್ಷನ್ ಪ್ರಕಾರ ಕರ್ತವ್ಯದಲ್ಲಿ ಅಮಲಿನಲ್ಲಿದ್ದರೆ ದಂಡ. ಅದರಿಂದ ಜನರ ಜೀವಕ್ಕೆ ಅಪಾಯವಾಗುವಂತಿದ್ದರೆ ಒಂದು ವರ್ಷದವರೆಗೆ ಜೈಲು. ಇಲಾಖೆಯ ಶಿಸ್ತುಕ್ರಮ ಬೇರೆಯೇ ಇದೆ. ಹೆಚ್ಚು ಕುಡಿದವರಿಗೆ 8 ಗಂಟೆಯೂ ಸಾಲದು. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ಅರಗಿಸುತ್ತದೆ. ನಿಂಬೆ ಶರಬತ್ತಾಗಲಿ ತಣ್ಣೀರಾಗಲಿ ಆ ವೇಗವನ್ನು ಹೆಚ್ಚಿಸುವುದಿಲ್ಲ. ವಾಸನೆ ಅಡಗಬಹುದು, ಅಮಲು ಇಳಿಯದು. ದಯವಿಟ್ಟು ಆ ಉಪಚಾರವನ್ನು ಇಂದೇ ನಿಲ್ಲಿಸಿ.

ಕುಡಿದ ದಿನ ಅವರು ಪಾಳಿಗೆ ಹೋಗಲೇಬಾರದು. ಅಸೌಖ್ಯವೆಂದು ಮೇಲ್ವಿಚಾರಕರಿಗೆ ಮೊದಲೇ ತಿಳಿಸಲಿ, ಸಿಕ್ ಮೆಮೊ (ಚಿಕಿತ್ಸೆಗೆ ಕಳಿಸುವ ಚೀಟಿ) ತೆಗೆದುಕೊಂಡು ರೈಲ್ವೆ ವೈದ್ಯರ ಮುಂದೆ ನಿಜ ಹೇಳಲಿ. ಸಿಕ್ಕಿಬೀಳುವ ಮೊದಲು ತಾವಾಗಿ ಚಿಕಿತ್ಸೆಗೆ ಹೋದವರ ಪರವಾಗಿ ಮಾತನಾಡಲು ನಮ್ಮಂಥವರಿಗೆ ಬಾಯಿ ಇರುತ್ತದೆ. ಅವರು ಒಪ್ಪದೆ ಹೊರಟೇ ಬಿಟ್ಟರೆ ಸ್ಟೇಷನ್ನಿಗೆ ಫೋನ್ ಮಾಡಿ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ಬೇರೆ ದಾರಿ ಕಾಣುತ್ತಿಲ್ಲ.

ಗೃಹಿಣಿ, ನೀಲೇಶ್ವರ

ತಂಗೀ, ಮೇಲಿನ ಹಿರಿಯರು ಹೇಳದ ಒಂದು ಮಾತನ್ನು ನಾನು ಹೇಳಬೇಕು. ಹೆದರಿಸಿ ಒಂದೇ ದಿನದಲ್ಲಿ ಕುಡಿತ ಬಿಡಿಸಲು ಹೋಗಬೇಡ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈಕಾಲು ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು, ಏನೇನೋ ಬಡಬಡಿಸುವುದು ಎಲ್ಲ ಬರಬಹುದು. ಪ್ರಾಣಕ್ಕೇ ಕುತ್ತಾಗಬಹುದು. ನಮ್ಮ ಭಾವನಿಗೆ ಹಾಗೆಯೇ ಆಯಿತು. ಮನೆಯವರು ದೃಷ್ಟಿ ತಾಗಿದೆ ಎಂದು ತಿಳಿದು ಆಸ್ಪತ್ರೆಗೆ ಒಯ್ಯಲು ಹೊತ್ತು ಕಳೆದರು. ವೈದ್ಯರ ಕಣ್ಣೆದುರು, ಔಷಧದ ಬಲದಲ್ಲಿ ಬಿಡಿಸಬೇಕು. ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಯೋಜನೆಯ ಸಹಾಯವಾಣಿ 14405. ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ 14446. ಮೊದಲು ನೀನೊಬ್ಬಳೇ ಫೋನ್ ಮಾಡು, ಅವರು ಒಪ್ಪುವವರೆಗೆ ಕಾಯಬೇಡ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯವರಿಗೆ ಹೊಸತಲ್ಲ. ಶಿಬಿರದ ನಂತರ ಬಿಟ್ಟವರೆಲ್ಲ ಮತ್ತೆ ಮತ್ತೆ ಒಟ್ಟು ಸೇರುವ ಪದ್ಧತಿ ಇದೆ. ಭಾವನನ್ನು ಕಾಪಾಡಿದ್ದು ಅದು.

ಗೂಡ್ಸ್ ಲೋಕೋ ಪೈಲಟ್, ಕಾಞಂಗಾಡು

ಎಂಜಿನ್ ಹತ್ತುವ ಮುನ್ನ ಲಾಬಿಯಲ್ಲಿ, ಅಂದರೆ ಪಾಳಿಯ ಹಾಜರಿ ಹಾಕುವ ಕಚೇರಿಯಲ್ಲಿ, ನಾವು ಉಸಿರಿನಲ್ಲಿ ಮದ್ಯ ಪತ್ತೆಹಚ್ಚುವ ಬ್ರೆತ್‌ಅನಲೈಜರ್ ಊದಬೇಕು, ಇಳಿದ ಮೇಲೂ ಊದಬೇಕು. ಗೇಟುಗಳಲ್ಲಿ ಇಂಥ ದಿನನಿತ್ಯದ ವ್ಯವಸ್ಥೆ ಇಲ್ಲ, ಮೇಲಿನವರು ಯಾವಾಗಲಾದರೂ ಬಂದು ನೋಡುವುದೇ ತಪಾಸಣೆ. ಗೇಟಿಗೂ ಆ ಯಂತ್ರ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಂತ್ರವನ್ನೇ ದೇವರೆಂದು ನಂಬುವುದೂ ಬೇಡ. 2025ರ ಫೆಬ್ರುವರಿಯಲ್ಲಿ ತಿರುವನಂತಪುರ ವಿಭಾಗದಲ್ಲಿ, ಪಾಳಿಗೆ ಮೊದಲು ಎಳನೀರು, ಕೆಲವು ಹಣ್ಣು, ಹೋಮಿಯೋಪಥಿ ಔಷಧ, ಕೆಮ್ಮಿನ ಸಿರಪ್ ಬೇಡ, ಅವುಗಳಿಂದಲೂ ಯಂತ್ರ ಮದ್ಯ ತೋರಿಸಬಹುದು ಎಂದು ಸುತ್ತೋಲೆ ಬಂತು. ಲೋಕೋ ಪೈಲಟ್‌ಗಳು ಸಿಟ್ಟಾದರು, ಸುತ್ತೋಲೆಯನ್ನು ಹಿಂದೆಗೆದುಕೊಂಡರು. ನಿರಪರಾಧಿಯನ್ನು ಹಿಡಿಯದಂತೆ ಮರುಪರೀಕ್ಷೆಯೂ ರಕ್ತಪರೀಕ್ಷೆಯೂ ಜೊತೆಗಿರಬೇಕು.

ಇನ್ನೊಂದು ಮಾತು. ಗೇಟಿನ ದೀರ್ಘ ಪಾಳಿ, ಒಂಟಿತನ, ಹಗಲು ನಿದ್ದೆ ಬಾರದ ಸಂಕಟ ನನಗೆ ಅರ್ಥವಾಗುತ್ತದೆ. ಅದನ್ನೂ ವೈದ್ಯರ ಮುಂದೆ ಹೇಳಲಿ. ನಿದ್ದೆಗೆಂದು ಮಾತ್ರೆಯ ಮೊರೆ ಹೋಗುವುದು ಬೇಡ, ನಿಯಮ ಅದನ್ನೂ ಹಿಡಿಯುತ್ತದೆ.

ಕಾಲೇಜು ಉಪನ್ಯಾಸಕಿ, ಕಾಸರಗೋಡು

ಬದಲಿಗೆ ಕೂರುವ ಆ ಜೊತೆಗಾರರ ಬಗ್ಗೆ ಬರೆಯುತ್ತಿದ್ದೇನೆ. ಅಮೆರಿಕದ ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ 1987ರ ಜನವರಿ 4ರಂದು ಗೂಡ್ಸ್ ಎಂಜಿನ್‌ಗಳು ಸಿಗ್ನಲ್ ಮೀರಿ ಹೋಗಿ ಪ್ರಯಾಣಿಕರ ರೈಲಿಗೆ ಅಡ್ಡಬಂದವು. 16 ಜನ ಸತ್ತರು. ಎಂಜಿನ್ ಚಾಲಕ ಗಾಂಜಾ ಸೇದಿದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. 1991ರಲ್ಲಿ ಅಲ್ಲಿನ ಸಂಸತ್ತು ಸಾರಿಗೆ ನೌಕರರ ಮಾದಕ ಪರೀಕ್ಷೆಗೆ ಕಾನೂನು ತಂದಿತು. ಅಲ್ಲಿ ಪರೀಕ್ಷೆ, ಶಿಕ್ಷೆಗಳ ಜೊತೆಗೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದ್ದಾರೆ: ನೌಕರ ತಾನಾಗಿ ಹೇಳಿಕೊಂಡರೆ, ಇಲ್ಲವೇ ಸಹೋದ್ಯೋಗಿ ತಿಳಿಸಿದರೆ, ಚಿಕಿತ್ಸೆಯ ಷರತ್ತು ಪಾಲಿಸಿದವನ ಕೆಲಸ ಉಳಿಯುತ್ತದೆ. ನಮ್ಮ ರೈಲ್ವೆ ಸಂಘಟನೆಗಳು ಸಂಬಳ, ರಜೆಗಳ ಜೊತೆ ಇಂಥದ್ದನ್ನೂ ಕೇಳಬೇಕು. ಸದ್ಯಕ್ಕೆ, ಅಕ್ಕಾ, ಆ ಜೊತೆಗಾರರನ್ನೇ ಮನೆಗೆ ಕರೆದು ಮಾತನಾಡಿ. ಅವರದು ಸ್ನೇಹವೇ. ಆದರೆ ಪಟ್ಟಿಯಲ್ಲಿ ಒಬ್ಬರ ಹೆಸರು, ಗೇಟಿನಲ್ಲಿ ಇನ್ನೊಬ್ಬರು ಎಂದಾದರೆ ಇಬ್ಬರ ಕೆಲಸಕ್ಕೂ ಕುತ್ತು. ಇನ್ನು ಕೂರುವುದಿಲ್ಲ, ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಎಂದು ಅವರೇ ಹೇಳಿದರೆ ನಿಮ್ಮವರು ಕೇಳಬಹುದು.

ಶಾಲಾ ಶಿಕ್ಷಕ, ಉಪ್ಪಳ

ಹುಡುಗನನ್ನು ಈ ಕಾವಲಿನಿಂದ ಬಿಡಿಸಿ. ಅಪ್ಪನ ಬಾಯಿ ಮೂಸುವುದು ಆ ವಯಸ್ಸಿನ ಮಗು ಮಾಡುವ ಕೆಲಸವಲ್ಲ. ತರಗತಿಯ ಶಿಕ್ಷಕರಿಗೆ ಅಥವಾ ಶಾಲೆಯ ಕೌನ್ಸೆಲರಿಗೆ ವಿಷಯ ತಿಳಿಸಿ. ರಾತ್ರಿ ಮನೆಯಲ್ಲಿ ಗಲಾಟೆಯಾಗುವ ಹಾಗಿದ್ದರೆ ಅವನು ಅಜ್ಜಿಯ ಮನೆಯಲ್ಲಿ ಕೂತು ಓದಲಿ.