ಶುಗರ್ ಇದ್ದವರಿಗೆ ಗ್ರೇಡ್ 1 ಫ್ಯಾಟಿ ಲಿವರ್: ಸುಮ್ನೆ ಬಿಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪನಿಗೆ 52 ವರ್ಷ, ತೂಕ 80 ಕೆಜಿ. ಶುಗರ್ ಬಂದು ಹತ್ತು ವರ್ಷ ಆಯಿತು. ಕುಡಿಯುವ ಅಭ್ಯಾಸವೇ ಇಲ್ಲ. ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬಂದಿದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಎಂಜೈಮ್‌ಗಳಾದ ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.6 ಲಕ್ಷ. ಎಲ್ಲಾ ನಾರ್ಮಲ್ ಅಲ್ವಾ?

ವೈದ್ಯರ ಉತ್ತರ: ಒಂದೊಂದಾಗಿ ನೋಡಿದರೆ ನಾರ್ಮಲ್ಲೇ. ಒಟ್ಟಿಗೆ ಇಟ್ಟು ನೋಡಿದರೆ ಅಲ್ಲ. ಗ್ರೇಡ್ ಅನ್ನುವುದು ಲಿವರ್‌ನಲ್ಲಿ ಕೊಬ್ಬು ಎಷ್ಟು ಕಾಣುತ್ತಿದೆ ಅಂತ ಹೇಳುತ್ತದೆ, ಅಷ್ಟೇ. ಮುಂದೆ ತೊಂದರೆ ಕೊಡುವುದು ಫೈಬ್ರೋಸಿಸ್, ಅಂದರೆ ಗಾಯ ಒಣಗಿ ಉಳಿದ ಕಲೆ. ಅದನ್ನು ಅಂದಾಜು ಮಾಡಲು ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸು 52ನ್ನು ಎಸ್‌ಜಿಒಟಿ 40ರಿಂದ ಗುಣಿಸಿ, 2080. ಪ್ಲೇಟ್‌ಲೆಟ್ ಸಾವಿರದಲ್ಲಿ 160, ಎಸ್‌ಜಿಪಿಟಿ 36ರ ವರ್ಗಮೂಲ 6, ಗುಣಿಸಿದರೆ 960. 2080ನ್ನು 960ರಿಂದ ಭಾಗಿಸಿ: ಸುಮಾರು 2.17. 1.3ರ ಒಳಗಿದ್ದರೆ ಸದ್ಯಕ್ಕೆ ಭಯವಿಲ್ಲ, 2.67 ದಾಟಿದರೆ ಕಲೆ ಜಾಸ್ತಿ ಇರುವ ಸಾಧ್ಯತೆ. ಅಪ್ಪ ನಡುವೆ ಇದ್ದಾರೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಕುಡಿಯದವರಿಗೂ ಹೀಗೆ ಯಾಕಾಗುತ್ತದೆ ಸರ್?

ವೈದ್ಯರ ಉತ್ತರ: ಟೈಪ್ 2 ಶುಗರ್‌ನಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತದಲ್ಲಿ ಲಿವರ್‌ಗೆ ಬರುತ್ತಲೇ ಇರುತ್ತದೆ. ಮಿಕ್ಕ ಸಕ್ಕರೆಯನ್ನೂ ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಕೆಲವರಲ್ಲಿ ಇದರಿಂದ ಉರಿಯೂತ, ವರ್ಷಗಳು ಕಳೆದಂತೆ ಕಲೆ, ಆಮೇಲೆ ಸಿರೋಸಿಸ್ (ಲಿವರ್ ತುಂಬಾ ಕಲೆಯಾಗಿ ಗಟ್ಟಿಯಾಗುವುದು), ಕ್ಯಾನ್ಸರ್ ಕೂಡ. ಬಹಳ ಕಾಲ ನೋವೇ ಇರುವುದಿಲ್ಲ, ಅದೇ ಕಷ್ಟ.

ಇನ್ನೊಬ್ಬರ ಪ್ರಶ್ನೆ: ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಅಮೃತಬಳ್ಳಿ ಕಷಾಯ ಕುಡಿದರೆ ಲಿವರ್‌ಗೆ ಒಳ್ಳೆಯದಂತೆ?

ವೈದ್ಯರ ಉತ್ತರ: ದಯವಿಟ್ಟು ಬೇಡ. ಫ್ಯಾಟಿ ಲಿವರ್ ಇರುವವರಿಗೆ ಹೃದಯದ ಅಪಾಯವೂ ಜಾಸ್ತಿ, ಡಾಕ್ಟರ್ ಕೊಟ್ಟ ಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆಯನ್ನು ಬಿಡಲೇಬಾರದು. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರೇ ವರದಿ ಬರೆದಿದ್ದಾರೆ. ನಿಜವಾಗಿ ಕೆಲಸ ಮಾಡುವುದು ತೂಕ ಇಳಿಸುವುದು. ನೂರಕ್ಕೆ 7ರಿಂದ 10ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ. ಅಪ್ಪನಿಗೆ ಅದು 6ರಿಂದ 8 ಕೆಜಿ. ಅನ್ನ ಬಿಟ್ಟೆ ಅಂತ ಎರಡು ಮುದ್ದೆ ಉಂಡರೆ ಲೆಕ್ಕ ಅಲ್ಲೇ ನಿಲ್ಲುತ್ತದೆ!

ಫೈಬ್ರೋಸ್ಕ್ಯಾನ್‌ಗೆ ಮುಂಚೆ ಕನಿಷ್ಠ 3 ಗಂಟೆ ಏನೂ ತಿನ್ನಬಾರದು. ರಿಪೋರ್ಟ್‌ನಲ್ಲಿ ಲಿವರ್ ಗಟ್ಟಿತನ 8 ಕಿಲೋಪಾಸ್ಕಲ್ ಅಥವಾ ಜಾಸ್ತಿ ಬಂದರೆ ಲಿವರ್ ಡಾಕ್ಟರ್ ಹತ್ತಿರ ಹೋಗಿ.